ಬಾಯಲ್ಲಿ ಹತ್ತಿ ಇದ್ದವರ ಜೊತೆ ಮಾತು

ನನ್ನ ನಾದಿನಿ ಕಾಲೇಜಿನಲ್ಲಿ ಇಂಗ್ಲಿಷ್ ಮಾತು ಕಲಿಸುತ್ತಾಳೆ. ಮನೆಯಲ್ಲಿ ಮಾತ್ರ ಅವಳ ಇಂಗ್ಲಿಷಿಗೆ ಕವಡೆ ಕಿಮ್ಮತ್ತಿಲ್ಲ. ಅವಳು 'ಕಮ್' ಎಂದರೆ ನನ್ನ ಪುಟ್ಟ ಮಗಳು ಓಡಿಹೋಗುತ್ತಾಳೆ, 'ಗೋ' ಎಂದರೆ ಬಂದು ತೊಡೆ ಏರುತ್ತಾಳೆ.

ಅವಳ ವಿದ್ಯಾರ್ಥಿನಿಯರೆಲ್ಲ ಮುಂದೆ ಹಲ್ಲಿನ ಆಸ್ಪತ್ರೆಗಳಲ್ಲಿ ಡಾಕ್ಟರ ಪಕ್ಕ ನಿಲ್ಲುವ ಸಹಾಯಕಿಯರಾಗುವವರು. ನಮ್ಮೂರಿನಲ್ಲಿ ನಾನಾ ಭಾಷೆಯ ಜನ. ರೋಗಿಗಳ ಜೊತೆ ಇಂಗ್ಲಿಷ್ ಇಲ್ಲದೆ ಕೈಕಾಲು ಆಡುವುದಿಲ್ಲ. ಹಾಗಿದ್ದೂ ಅವರ ಪುಸ್ತಕದಲ್ಲಿದ್ದದ್ದು ಸಂಪಾದಕರಿಗೊಂದು ಪತ್ರ, ರೈಲು ನಿಲ್ದಾಣದಲ್ಲಿ ಇಬ್ಬರು ಗೆಳೆಯರ ಭೇಟಿ. ಅದನ್ನು ಬದಿಗಿಟ್ಟು, ಮುಂದೆ ಮಾಡುವ ಕೆಲಸಕ್ಕೆ ತಕ್ಕ ಪಾಠ ಮಾಡುತ್ತೇನೆಂದು ನಾದಿನಿ ಪ್ರಿನ್ಸಿಪಾಲರ ಬೆನ್ನು ಬಿದ್ದಳು. ಒಂದು ಸೆಮಿಸ್ಟರ್ ಮಾಡಿ ನೋಡಿ, ಕೊನೆಯಲ್ಲಿ ದೊಡ್ಡಾಸ್ಪತ್ರೆಯ ಡಾಕ್ಟರು ಬಂದು ಪರೀಕ್ಷಿಸುತ್ತಾರೆ, ಅವರು ತಲೆ ಆಡಿಸದಿದ್ದರೆ ಮತ್ತೆ ರೈಲು ನಿಲ್ದಾಣವೇ ಗತಿ ಎಂದರು ಪ್ರಿನ್ಸಿಪಾಲರು.

ನಾದಿನಿ ಹುಮ್ಮಸ್ಸಿನಿಂದ ಪಾಠಗಳನ್ನು ಬರೆದಳು. ಆಮೇಲೆ ಯಾಕೋ ಅನುಮಾನ ಬಂದು, ಅನುಮತಿ ಪಡೆದು, ಒಂದು ಹಲ್ಲಿನ ಆಸ್ಪತ್ರೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕುಳಿತಳು. ಸಂಜೆ ಬಂದವಳು ಅಳಬೇಕೋ ನಗಬೇಕೋ ತಿಳಿಯದೆ ನನ್ನೆದುರು ಕುಸಿದಳು.

"ಅತ್ತಿಗೆ, ನಾನು ಬರೆದಿದ್ದೆಲ್ಲ ದಂಡ. ನನ್ನ ಸಂಭಾಷಣೇಲಿ ಇಬ್ರೂ ಮಾತಾಡ್ತಾರೆ. ಅಲ್ಲಿ ಒಬ್ರ ಬಾಯಲ್ಲಿ ಹತ್ತಿ ಇರುತ್ತೆ."

ಹಾಗಾಗಿ ಮೊದಲಿನಿಂದ ಶುರು. ಉತ್ತರ ಹೇಳಲಾಗದವರನ್ನು 'ಹೇಗನಿಸುತ್ತಿದೆ' ಎಂದು ಕೇಳಿ ಏನು ಫಲ? ಕೈಯಲ್ಲೋ ಕಣ್ಣಲ್ಲೋ ಉತ್ತರ ಕೊಡಬಹುದಾದ ಪ್ರಶ್ನೆಗಳೇ ಬೇಕು. ಮುಖಕ್ಕೆ ಮಾಸ್ಕ್ ಇರುವಾಗ ತುಟಿ ಕಾಣುವುದಿಲ್ಲ, ಆದ್ದರಿಂದ ವಾಕ್ಯ ಗಿಡ್ಡವಾಗಿರಬೇಕು. ನಮ್ಮ ಸೋಫಾ ಆಸ್ಪತ್ರೆಯ ಕುರ್ಚಿಯಾಯಿತು. ನನ್ನ ಗಂಡ ಬಾಯಲ್ಲಿ ಚಮಚ ಇಟ್ಟುಕೊಂಡು ಮಲಗುವುದು, ನಾದಿನಿ ಅಣ್ಣನ ಮೇಲೆ ಬಗ್ಗಿ "ನೋವಾದರೆ ಎಡಗೈ ಎತ್ತಿ" ಎಂದು ಇಂಗ್ಲಿಷಿನಲ್ಲಿ ಹೇಳುವುದು. ಅವರು ಟೀವಿಯ ಚಾನೆಲ್ ಬದಲಿಸಲೂ ಎಡಗೈ ಎತ್ತತೊಡಗಿದರು. ರೋಗಿಗಳಾಗಿ ಬರುವ ಮಕ್ಕಳ ಜೊತೆ ಹೇಗೆ ಮಾತಾಡಬೇಕೆಂಬ ಪಾಠಕ್ಕೆ ನನ್ನನ್ನು ಕೇಳಿದಳು. ಏನು ಮಾಡುತ್ತೇವೆಂದು ಮೊದಲು ಹೇಳಬೇಕು, ಆಮೇಲೆ ಮಾಡಬೇಕು, ಹೇಳಿದ್ದಕ್ಕಿಂತ ಹೆಚ್ಚು ಮಾಡಬಾರದು ಎಂದೆ. ದಿನಾ ಬೆಳಿಗ್ಗೆ ಮಗಳ ಹಲ್ಲುಜ್ಜುವವಳಿಗೆ ಇಷ್ಟು ಗೊತ್ತಿರದಿದ್ದರೆ ಹೇಗೆ?

ಆದರೆ ಒಂದು ಪದ ಮಾತ್ರ ಗಂಟಲ ಮುಳ್ಳಾಯಿತು. ನಾವು ಬಾಗಿಲನ್ನೂ ತೆಗೆಯುತ್ತೇವೆ, ಅಂಗಿಯನ್ನೂ ತೆಗೆಯುತ್ತೇವೆ, ಹಲ್ಲನ್ನೂ ತೆಗೆಯುತ್ತೇವೆ, ಬಾಯನ್ನೂ ತೆಗೆಯುತ್ತೇವೆ. ಹುಡುಗಿಯರು ಗಾಬರಿಯಾದರೆ ಸಾಕು, 'ಬಾಯಿ ತೆಗೆಯಿರಿ' ಎಂಬುದು 'ರಿಮೂವ್ ಯುವರ್ ಮೌತ್' ಆಗಿ ಹೊರಬೀಳುತ್ತಿತ್ತು. ಅದರಲ್ಲೂ ಒಬ್ಬಳಿದ್ದಳು, ದನಿಯೇ ಏಳದವಳು. ಗೆಳತಿಯರು ಅವಳಿಗೆ ಪಿಸುಮಾತು ಎಂದೇ ಹೆಸರಿಟ್ಟಿದ್ದರು. ನಾದಿನಿ ಅವಳನ್ನು ಮನೆಗೇ ಕರೆಸಿ ಉರು ಹೊಡೆಸಿದಳು: ರಿಮೂವ್ ಮಾಡಿದರೆ ಕೈಗೆ ಬರುತ್ತದೆ, ಓಪನ್ ಮಾಡಿದರೆ ಅಲ್ಲೇ ಇರುತ್ತದೆ. ಪಕ್ಕದಲ್ಲಿ ಬಟಾಣಿ ಬಿಡಿಸುತ್ತಿದ್ದ ನಮ್ಮ ಅತ್ತೆಗೂ ಅದು ಬಾಯಿಪಾಠವಾಯಿತು.

ಮಾತು ನಿಜಕ್ಕೂ ಮುಟ್ಟುತ್ತದೋ ಎಂದು ನೋಡಲು ಪರೀಕ್ಷೆಗೆ ಇಂಗ್ಲಿಷ್ ಅಷ್ಟಾಗಿ ಬಾರದ ಒಬ್ಬ ರೋಗಿ ಬೇಕಿತ್ತು. ನಾದಿನಿ ತನ್ನ ತಾಯಿಯನ್ನೇ ಹೊರಡಿಸಿದಳು. ನಾನೂ ಮಗಳನ್ನು ಸೊಂಟಕ್ಕೇರಿಸಿಕೊಂಡು ಹೋದೆ. ಪ್ರಯೋಗಾಲಯದ ನಡುವೆ ಹಿಂದಕ್ಕೆ ಒರಗುವ ಕುರ್ಚಿ, ಮೇಲೊಂದು ದೀಪ, ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರು ಮತ್ತು ಬೆಳ್ಳಿಕೂದಲಿನ ಡಾಕ್ಟರಮ್ಮ. ಚೀಟಿ ಎತ್ತಿದರೆ ಮೊದಲ ಸರದಿ ಪಿಸುಮಾತಿನದೇ. ನಾದಿನಿಯ ಮುಖ ಸುಣ್ಣ ಬಳಿದಂತಾಯಿತು.

ಹುಡುಗಿ ಅತ್ತೆಯನ್ನು ಚೆನ್ನಾಗಿಯೇ ಕೂರಿಸಿದಳು, ದೀಪ ಸರಿಮಾಡಿದಳು. ಆಮೇಲೆ ಡಾಕ್ಟರಮ್ಮ ಕನ್ನಡಕ ಏರಿಸಿದ್ದನ್ನು ನೋಡಿಬಿಟ್ಟಳು.

"ರಿಮೂವ್ ಯುವರ್ ಮೌತ್, ಪ್ಲೀಸ್."

ಅತ್ತೆ ಕಣ್ಣು ಮಿಟುಕಿಸಲಿಲ್ಲ. ಮೇಲಿನದನ್ನೂ ಕೆಳಗಿನದನ್ನೂ ಸಾವಕಾಶವಾಗಿ ಕಳಚಿ, ಎರಡು ಸಾಲು ಕಟ್ಟಿಸಿದ ಹಲ್ಲನ್ನು ಅಂಗೈಯಲ್ಲಿಟ್ಟು ಹುಡುಗಿಯತ್ತ ಚಾಚಿದರು. ನಾನು ನಗು ತಡೆಯಲು ಮಗಳ ಭುಜಕ್ಕೆ ಮುಖ ಒತ್ತಿದೆ.

ಮಾಸ್ಕಿನ ಮೇಲೆ ಹುಡುಗಿಯ ಕಣ್ಣುಗಳು ಅಗಲವಾದವು. ಒಂದು ಕ್ಷಣ ಅಷ್ಟೆ. ತಟ್ಟೆ ತಂದು ಹಲ್ಲನ್ನು ಇಳಿಸಿಕೊಂಡಳು. "ಥ್ಯಾಂಕ್ ಯೂ. ನೌ ಓಪನ್, ಪ್ಲೀಸ್. ಇಫ್ ಇಟ್ ಹರ್ಟ್ಸ್, ರೇಸ್ ಯುವರ್ ಲೆಫ್ಟ್ ಹ್ಯಾಂಡ್," ಎಂದಳು. ಹಿಂದಿನ ಬೆಂಚಿನವರೆಗೂ ಕೇಳಿಸಿತು.

ಅತ್ತೆ ಬಾಯಿ ತೆರೆದರು. ಮನೆಯ ಅಭ್ಯಾಸಬಲದಿಂದ ಎಡಗೈಯನ್ನೂ ಎತ್ತಿಬಿಟ್ಟರು. ಹುಡುಗಿ ತಕ್ಷಣ ತನ್ನ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ನಿಂತಳು.

ಡಾಕ್ಟರಮ್ಮ ನಾದಿನಿಯನ್ನು ಹತ್ತಿರ ಕರೆದರು. ಕಟ್ಟಿಸಿದ ಹಲ್ಲು ಇದೆಯಾ ಎಂದು ಕೇಳುವುದು ಪಾಠದಲ್ಲಿ ಎಲ್ಲಿದೆ ಎಂದರು. ಎಲ್ಲೂ ಇರಲಿಲ್ಲ.

"ವಯಸ್ಸಾದವರಿಗೆ ಅದೇ ಮೊದಲ ಪ್ರಶ್ನೆ ಕಣಮ್ಮ. ಮುಂದಿನ ವರ್ಷ ಸೇರಿಸ್ಕೋ."

"ಮುಂದಿನ ವರ್ಷವಾ?" ಎಂದರು ಪ್ರಿನ್ಸಿಪಾಲರು.

"ಮತ್ತೆ? ಕೈ ಎತ್ತಿದ ತಕ್ಷಣ ನಿಲ್ಲಿಸಿದಳಲ್ಲ ಆ ಹುಡುಗಿ. ನನ್ನ ಹತ್ರ ಇರೋರಲ್ಲಿ ಎಷ್ಟೋ ಜನಕ್ಕೆ ಆ ಕೈ ಕಾಣೋದೇ ಇಲ್ಲ."

ಬಸ್ಸಿನಲ್ಲಿ ನಾದಿನಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಆ ಹುಡುಗಿ ತಪ್ಪು ಹೇಳಿದ್ದು ನಿನಗೆ ತಿಳಿಯಲಿಲ್ಲವೇ ಎಂದು ಅಮ್ಮನನ್ನು ಕೇಳಿದಳು.

"ತಿಳೀದೆ ಏನು?" ಎಂದರು ಅತ್ತೆ, ಹಲ್ಲು ಸರಿಯಾಗಿ ಕೂರಿಸಿಕೊಳ್ಳುತ್ತ. "ಮಗು ಅಷ್ಟು ಪ್ಲೀಸ್ ಅಂತಿತ್ತು. ಬಾಯಿ ಕಳಚಿ ಕೊಡೋಕಾಗುತ್ತಾ? ಕೈಗೆ ಬರೋದು ಇದೊಂದೇ ಇತ್ತು, ಕೊಟ್ಟೆ."

ಮರುದಿನ ಹಲ್ಲುಜ್ಜಿಸುವಾಗ ನನ್ನ ಮಗಳು ಎಡಗೈ ಎತ್ತಿದಳು. ನಾನು ಬ್ರಷ್ ಹಿಂದಕ್ಕೆ ತೆಗೆದೆ. ಇಳಿಸಿದಳು, ಉಜ್ಜಿದೆ, ಮತ್ತೆ ಎತ್ತಿದಳು. ಈಗ ನಮ್ಮ ಮನೆಯಲ್ಲಿ ಹಲ್ಲುಜ್ಜುವುದಕ್ಕೆ ಸ್ನಾನಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.