ಸಾರುವೆಯ ಹಲಗೆ ತೆಗೆದವರು

ಮೊನ್ನೆ ನನ್ನ ಮನೆಯ ಜಗಲಿಗೆ ಇಬ್ಬರು ಒಟ್ಟಿಗೆ ಬಂದರು. ಒಬ್ಬರು, ಬಸ್ರೂರು ರಸ್ತೆಯಲ್ಲಿ ನಮ್ಮ ಮನೆಯೆದುರೇ ಕಾಂಪ್ಲೆಕ್ಸ್ ಕಟ್ಟಿಸುತ್ತಿರುವ ಕಂಟ್ರಾಕ್ಟರ್ ಶೆಟ್ಟರು. ಇನ್ನೊಬ್ಬ, ಕಟ್ಟಡ ಕೆಲಸದವರ ಸಂಘದ ಕಾರ್ಯದರ್ಶಿ ಸುಧಾಕರ. ಎದುರಾದರೆ ಮುಖ ತಿರುಗಿಸುವ ಇವರು ಒಂದೇ ಬೈಕಿನಲ್ಲಿ ಬಂದರೆ ಯಾರಿಗೆ ದಿಗಿಲಾಗುವುದಿಲ್ಲ?

ವಿಷಯ ನಾಗರಾಜನದು; ನಾನು ಕಂಡದ್ದೇನೆಂದು ಕೇಳಲು ಬಂದಿದ್ದರು. ನಾವುಂದ ಊರಿನವನು, ಶೆಟ್ಟರ ಈ ಕಟ್ಟಡದಲ್ಲಿ ಗಾರೆ ಕೆಲಸದವನು. ಕೆಲವು ದಿನಗಳ ಹಿಂದೆ ಬೆಳಿಗ್ಗೆ ಎಂದಿನಂತೆ, ಗೋಡೆಗೆ ಒರಗಿಸಿ ಕಟ್ಟಿದ ಸಾರುವೆ ಹತ್ತಿ, ಎಂದಿನ ಜಾಗದಲ್ಲೇ ಕಾಲಿಟ್ಟ. ಅಲ್ಲಿ ಹಲಗೆ ಇರಲಿಲ್ಲ. ಈಗ ಸೊಂಟ ಮುರಿದು ಆಸ್ಪತ್ರೆಯಲ್ಲಿದ್ದಾನೆ.

ಹಲಗೆ ಎಲ್ಲಿಗೆ ಹೋಯಿತು? ನಮ್ಮ ಕಡೆ ಕಟ್ಟಡ ಏಳುವುದನ್ನು ಕಂಡವರಿಗೆ ಇದು ಹೊಸತಲ್ಲ. ಸ್ಲ್ಯಾಬಿನ ಅಡಿಗೆ ಹಾಸಲು ಹಲಗೆ ಸಾಲದಿದ್ದರೆ, ಆ ಅಚ್ಚು ಕಟ್ಟುವ ಸೆಂಟ್ರಿಂಗಿನವರು ಸಂಜೆ ಸಾರುವೆಯಿಂದಲೇ ಎಳೆದುಕೊಳ್ಳುತ್ತಾರೆ. ಗಾರೆಯವರಿಗೆ ಹೇಳುವುದಿಲ್ಲ. (ಹೇಳಬೇಕೆಂದು ಅವರಿಗೂ ಯಾರೂ ಹೇಳಿಲ್ಲ.)

ಹಾಗೆ ಎಳೆದದ್ದನ್ನು ನಾನು ಕಿಟಕಿಯಿಂದ ಕಂಡಿದ್ದೇನೆ. ಆದರೆ ಅದು ನಾಗರಾಜ ಬಿದ್ದ ದಿನದ ಹಿಂದಿನ ಸಂಜೆಯೋ, ಅದಕ್ಕೂ ಹಿಂದಿನದೋ? ಎಲ್ಲವನ್ನೂ ಅನುಮಾನಿಸು ಎಂದು ಯೂನಿವರ್ಸಿಟಿ ಕಲಿಸಿತು. ಅನುಮಾನ ಈಗ ನನ್ನ ಕಣ್ಣಿಗೇ ತಗುಲಿಕೊಂಡಿದೆ.

ಅಷ್ಟರಲ್ಲಿ ಊರಲ್ಲಿ ಸುದ್ದಿ ಹಬ್ಬಿತ್ತು: ನಾಗರಾಜ ಕುಡಿದು ಬಿದ್ದನಂತೆ. ಈ ಹೆಸರು ಅಂಟಿದರೆ ಗುಣವಾದ ಮೇಲೂ ಅವನನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಅವನ ಹೆಂಡತಿ ಗಿರಿಜಾ ಹಿಂದಿನ ದಿನವಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದಳು.

"ಅವ್ರ್ ಕುಡ್ಕಂಡ್ ಹೋದದ್ದಲ್ಲ ಮಾಷ್ಟ್ರೇ, ಗಂಜಿ ಉಂಡ್ಕಂಡ್ ಹೋದದ್ದ್. ನೀವ್ ಕಂಡದ್ದ್ ಹೇಳಿ, ಸಾಕ್."

ಹೇಳಿದೆ. ಜಗಲಿಯಲ್ಲಿ ಕೂತ ಇಬ್ಬರಿಗೂ ಹಲಗೆಯ ವಿಷಯ ಹೇಳಿದೆ. ಬಾಯಿ ತಪ್ಪಿ "ನನ್ನ ನೆನಪಿನ ಪ್ರಕಾರ" ಎಂದೂ ಸೇರಿಸಿದೆ. ಶೆಟ್ಟರು ಅದನ್ನೇ ಹಿಡಿದುಕೊಂಡರು.

"ಯಾವ ಸಂಜಿ ಅಂದೇಳಿ ಗಟ್ಟಿ ಗೊತ್ತಿತ್ತಾ ಮಾಷ್ಟ್ರೇ?"

ಇರಲಿಲ್ಲ. ಸುಧಾಕರನಾದರೂ ಬಾಯಿ ಬಿಟ್ಟಾನೆಂದು ಅವನ ಮುಖ ನೋಡಿದೆ. ಅವನು ಚಹಾದ ಲೋಟ ನೋಡುತ್ತ ಮೆಲ್ಲಗೆ ಹೇಳಿದ: "ಬಿದ್ದವ್ನೂ ನಮ್ಮವ್ನೇ, ಹಲ್ಗಿ ತೆಗೆದವ್ರೂ ನಮ್ಮವ್ರೇ. ಯಾರನ್ ಹಿಡ್ಕಂಬ್ದ್?"

ಯಾರನ್ನೂ ಹಿಡಿಯಲಿಲ್ಲ. ಕುಡಿದೇ ಬಿದ್ದದ್ದು ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಮರುದಿನ ಸೈಟಿನಲ್ಲಿ ಇಬ್ಬರೂ ಸೇರಿಯೇ ಹೆಲ್ಮೆಟ್ ಹಂಚಿ ಫೋಟೋ ತೆಗೆಸಿಕೊಂಡರು. ಅಂದು ಸಂಜೆಯೂ ಸಾರುವೆಯಿಂದ ಹಲಗೆ ಇಳಿಯಿತು. (ಇದು ಮಾತ್ರ ಗಟ್ಟಿ ನೆನಪು.)

ಮಾಲಕರೂ ಸಂಘವೂ ಕೈಜೋಡಿಸಲಿ ಎಂದು ಈ ಅಂಕಣದಲ್ಲಿ ಹಿಂದೆ ನಾನೇ ಬರೆದಿರಬೇಕು. ಜೋಡಿಸಿದರು. ನಾಗರಾಜ ಬಿದ್ದ ಮೇಲೆ.

ದಿನಾ ಬೆಳಿಗ್ಗೆ ಕೆಲಸಕ್ಕೆ ಮೊದಲು ಇಬ್ಬರೂ ಒಟ್ಟಿಗೆ ಒಮ್ಮೆ ಸಾರುವೆ ಹತ್ತಿ ನೋಡಿದ್ದರೆ, ನಾಗರಾಜನ ಮಾನ ನನ್ನಂಥವನ ನೆನಪಿಗೆ ಜೋತುಬೀಳಬೇಕಿತ್ತೇ?