ಹಬ್ಬದೂಟಕ್ಕೆ ತಟ್ಟೆ ಸಾಲಲಿಲ್ಲ

ಕ್ರಿಸ್‌ಮಸ್ ದಿನ ನೀವು ಹೋಟೆಲಿನಲ್ಲಿ ಉಂಡರೆ, ನಿಮ್ಮ ಎಂಜಲು ತಟ್ಟೆ ತೊಳೆಯುವ ಕೈಗಳಿಗೆ ಆವತ್ತು ಕ್ರಿಸ್‌ಮಸ್ ಇರುವುದಿಲ್ಲ. ಇದೇನೂ ಗುಟ್ಟಲ್ಲ. ಆದರೂ ಮೇಜು ಕಾದಿರಿಸಲು ಫೋನ್ ಮಾಡುವವರು ಯಾರೂ ಈ ಮಾತೆತ್ತುವುದಿಲ್ಲ. ಕಿಟಕಿ ಪಕ್ಕ ಸಿಗುತ್ತದಾ ಎಂದು ಕೇಳುತ್ತಾರೆ. ಕೇಕು ಲೆಕ್ಕದ ಒಳಗೋ ಹೊರಗೋ ಎಂದು ಕೇಳುತ್ತಾರೆ.

ಆ ಕೈಗಳಲ್ಲಿ ಎರಡು ನೊರೆಯಮ್ಮನವು. ಹೆತ್ತವರು ಇಟ್ಟ ಹೆಸರು ಬೇರೆ. ಮೊಣಕೈವರೆಗೆ ಸದಾ ಸಾಬೂನಿನ ನೊರೆ ಮೆತ್ತಿಕೊಂಡಿರುತ್ತಿದ್ದುದರಿಂದ ಹೋಟೆಲಿನ ಅಡುಗೆಮನೆಯವರು ಹಾಗೆ ಕರೆದರು, ಅದೇ ಉಳಿಯಿತು. ಅಲ್ಲಿ ಅಕ್ಕಪಕ್ಕ ಎರಡು ತೊಟ್ಟಿಗಳಿವೆ. ಒಂದರಲ್ಲಿ ಈಕೆ ಉಜ್ಜುತ್ತಾಳೆ. ಇನ್ನೊಂದರಲ್ಲಿ ಬಿಸಿನೀರಕ್ಕ ಜಾಲಾಡಿಸಿ, ಒರೆಸಿ, ಜೋಡಿಸುತ್ತಾಳೆ. ಬಿಸಿನೀರಕ್ಕ ವಯಸ್ಸಿನಲ್ಲಿ ದೊಡ್ಡವಳು, ಮಂಡಿ ನೋವಿನವಳು, ಬಾಯಿ ಮಾತ್ರ ಗಟ್ಟಿಮುಟ್ಟು. ತಟ್ಟೆ ತೊಳೆಯುವ ಯಂತ್ರ ತರಿಸುತ್ತೇವೆ ಎಂದು ಮ್ಯಾನೇಜರ್ ವರ್ಷಾವರ್ಷ ಹೇಳುತ್ತಾನೆ. ವಿಚಾರಿಸಿ ನೋಡಿದಾಗೆಲ್ಲ ಯಂತ್ರಕ್ಕಿಂತ ಇವರಿಬ್ಬರೇ ಅಗ್ಗ ಎಂದು ಗೊತ್ತಾಗುತ್ತದೆ.

ಕ್ರಿಸ್‌ಮಸ್ ದಿನ ಹೋಟೆಲು ಕಿಕ್ಕಿರಿಯುತ್ತದೆ. ಹಾಗಾಗಿ ನೊರೆಯಮ್ಮ ಮದುವೆಯಾಗಿ ಬಂದಂದಿನಿಂದ ಒಂದು ಕ್ರಿಸ್‌ಮಸ್ಸಿಗೂ ಮನೆಯಲ್ಲಿ ಇದ್ದವಳಲ್ಲ. ಬೆಳಗಾಗುವ ಮೊದಲೇ ಎದ್ದು ಮನೆಯವರಿಗೆ ಕೋಳಿ ಹುರಿದಿಟ್ಟು ಕೆಲಸಕ್ಕೆ ಹೋಗುತ್ತಾಳೆ. ಗಂಡ, ಅತ್ತೆ, ಮೈದುನ ಮೂವರೂ ಮಧ್ಯಾಹ್ನ ಬಿಸಿಬಿಸಿಯಾಗಿ ಉಂಡು, ಅವಳ ಪಾಲನ್ನು ಇನ್ನೊಂದು ತಟ್ಟೆ ಕವುಚಿ ಮುಚ್ಚಿಡುತ್ತಾರೆ. ಅವಳು ಬರುವ ಹೊತ್ತಿಗೆ ಕೋಳಿಯ ಜಿಡ್ಡು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಒಲೆ ಹಚ್ಚಲು ತ್ರಾಣವಿಲ್ಲದೆ ಅದನ್ನೇ ಮುಗಿಸುತ್ತಾಳೆ. ಆಮೇಲೆ ಮೂವರ ತಟ್ಟೆಯನ್ನೂ ತೊಳೆಯುತ್ತಾಳೆ, ಏಕೆಂದರೆ ಆ ಮನೆಯಲ್ಲಿ ತಟ್ಟೆ ತೊಳೆಯುವುದರಲ್ಲಿ ಅನುಭವ ಇರುವುದು ಅವಳಿಗೊಬ್ಬಳಿಗೇ.

ಅವಳಿಗಿದ್ದ ಆಸೆ ದೊಡ್ಡದೇನಲ್ಲ. ಒಂದೇ ಒಂದು ಕ್ರಿಸ್‌ಮಸ್ಸಿಗೆ, ಬೆನ್ನನ್ನು ಕುರ್ಚಿಗೆ ಒರಗಿಸಿ, ಹಬೆಯಾಡುವ ಊಟವನ್ನು ನಡುವೆ ಏಳದೆ ಉಣ್ಣಬೇಕು. ಕಳೆದ ವರ್ಷ ಅದನ್ನು ಬಿಸಿನೀರಕ್ಕನ ಹತ್ತಿರ ಬಾಯಿಬಿಟ್ಟಳು.

"ಅದಕ್ಯಾಕೆ ಸಾಯ್ತೀಯ?" ಎಂದಳು ಅಕ್ಕ. "ಈ ಸಲ ರಜೆ ನೀನು ತಗೋ. ಬರೋ ಸಲ ನಾನು ತಗೋತೀನಿ. ನನ್ನ ಮಂಡಿ ಅಷ್ಟರತನಕ ಇದ್ರೆ."

ಮ್ಯಾನೇಜರ್ ಗೊಣಗಿ ಒಪ್ಪಿದ. ನೊರೆಯಮ್ಮನ ಬದಲಿಗೆ ಬೇರೆಯವರನ್ನು ಕರೆಸುತ್ತೇನೆ ಎಂದ. ಮನೆಗೆ ಬಂದು ಹೇಳಿದಾಗ ಗಂಡನಿಗೆ ಖುಷಿಯೋ ಖುಷಿ. ಅವನು ಲಿಫ್ಟ್ ರಿಪೇರಿ ಮಾಡುವವನು. ಮೇಲೆ ಕೆಳಗೆ ಹೋಗುವುದು ಬಿಟ್ಟರೆ ಅವನ ಬದುಕಿನಲ್ಲಿ ಏರಿಳಿತ ಕಡಿಮೆ.

"ರಜೆ ಅಂದ್ಮೇಲೆ ನೀನು ಒಲೆ ಮುಂದೆ ನಿಲ್ಲೋದೂ ಬೇಡ. ಹೊರಗೆ ಊಟ ಮಾಡೋಣ. ಆವತ್ತು ನೀನೇ ಮಹಾರಾಣಿ."

"ಎಲ್ಲಿಗೆ?"

"ಅದು ನನಗೆ ಬಿಡು."

ಅವನಿಗೆ ಬಿಟ್ಟಳು. ತಪ್ಪಾದದ್ದು ಅಲ್ಲೇ.

ಅತ್ತೆ ಮಾತ್ರ ಕೇಳಿದಳು, "ದುಡ್ಡು ಎಷ್ಟಾಗುತ್ತೋ?"

"ಅಮ್ಮಾ, ಹಬ್ಬದ ದಿನ ದುಡ್ಡಿನ ಮುಖ ನೋಡಬಾರದು."

"ನೋಡೋಕೆ ಇದ್ರೆ ತಾನೇ."

ಆ ಊಟಕ್ಕೆ ಅವನ ಒಂದು ವಾರದ ಸಂಬಳ ಹೋಗುವುದಿತ್ತು. ಹೀಗಾಗಿ ಅವನು ಬುದ್ಧಿ ಓಡಿಸಿದ. ಅವನ ಬುದ್ಧಿ ಸಾಮಾನ್ಯವಾಗಿ ಓಡುವುದಿಲ್ಲ, ಆವತ್ತು ಓಡಿತು, ಓಡಿದ್ದು ಗೋಡೆಯ ಕಡೆಗೆ.

ಕ್ರಿಸ್‌ಮಸ್ ದಿನ ನಾಲ್ವರೂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಸ್ಸಿಗೆ ನಿಂತರು. ಇಸ್ತ್ರಿ ಮಾಡಿದ್ದು ಯಾರು ಎಂದು ಕೇಳಬೇಡಿ. ಬಸ್ಸು ಬಂತು. ಹತ್ತಿ ಕೂತ ಮೇಲೆ ನೊರೆಯಮ್ಮ ಗಂಡನ ಕಡೆ ತಿರುಗಿದಳು.

"ರೀ, ಇದು ನಾನು ಕೆಲಸಕ್ಕೆ ಹೋಗೋ ಬಸ್ಸು."

"ಹೌದು."

"ಯಾಕೆ ಇದನ್ನ ಹತ್ತಿದ್ವಿ?"

ಗಂಡ ಮೈದುನನ ಮುಖ ನೋಡಿದ. ಮೈದುನ ವಿಮೆ ಪಾಲಿಸಿ ಮಾರುವವನು, ಕೆಟ್ಟ ಸುದ್ದಿಯನ್ನು ಲಾಭದ ಹಾಗೆ ಹೇಳಬಲ್ಲವನು. "ಅತ್ತಿಗೆ, ನಿಮ್ಮ ಹೋಟೆಲ್‌ನಲ್ಲಿ ಕೆಲಸದವರ ಮನೆಯವರಿಗೆ ಕಾಲುಭಾಗ ರಿಯಾಯಿತಿ. ನೀವೇ ಒಂದು ಸಲ ಹೇಳಿದ್ರಲ್ಲ. ಯಾರೂ ಉಪಯೋಗಿಸ್ಕೊಳ್ಳೋದೇ ಇಲ್ವಂತೆ."

"ಯಾಕೆ ಉಪಯೋಗಿಸಲ್ಲ ಅಂತ ಯಾರಿಗಾದ್ರೂ ಅನ್ನಿಸಿತಾ?"

ಯಾರಿಗೂ ಅನ್ನಿಸಿರಲಿಲ್ಲ. ಅತ್ತೆ ಕಿಟಕಿಯ ಹೊರಗೆ ನೋಡುತ್ತಾ, "ಕತ್ತೆಗೆ ರಜೆ ಕೊಟ್ಟು ಅಗಸನ ಮನೆಗೇ ಊಟಕ್ಕೆ ಕರ್ಕೊಂಡು ಹೋದ ಹಾಗಾಯ್ತು," ಎಂದಳು. ಸೊಸೆಯನ್ನು ಕತ್ತೆ ಅಂದದ್ದು ಅವಳಿಗೇ ಹೊಳೆದಿರಲಿಲ್ಲ. ನೊರೆಯಮ್ಮನಿಗೆ ಹೊಳೆಯಿತು, ಆದರೆ ಮಾತು ಸರಿಯಾಗಿಯೇ ಇತ್ತು.

ಬಸ್ಸಿಳಿದಾಗ ಅವಳ ಕಾಲು ಅಭ್ಯಾಸಬಲದಿಂದ ಹಿಂದಿನ ಗೇಟಿನ ಕಡೆಗೆ, ಕಸದ ಡ್ರಮ್ಮುಗಳ ಪಕ್ಕದ ಓಣಿಗೆ ತಿರುಗಿತು. ಗಂಡ ತೋಳು ಹಿಡಿದು ಮುಂಬಾಗಿಲಿಗೆ ಎಳೆದ. ಇಷ್ಟು ವರ್ಷ ದುಡಿದ ಕಟ್ಟಡಕ್ಕೆ ಮುಂಬಾಗಿಲು ಇರುವುದನ್ನು ಅವಳು ಹೊರಗಿನಿಂದಷ್ಟೇ ಬಲ್ಲಳು. ಬಾಗಿಲಲ್ಲಿ ನಿಂತವನು ಅವಳನ್ನು ಗುರುತಿಸಿದ, ನಮಸ್ಕಾರ ಮಾಡಬೇಕೋ ಬೇಡವೋ ತಿಳಿಯದೆ ತನ್ನ ಟೋಪಿ ಸರಿಮಾಡಿಕೊಂಡ.

ಹಾಲಿನಲ್ಲಿ ದೀಪದ ಸರಗಳು, ಹಸಿರು ಗಿಡ, ಬಿಳಿ ಮೇಜುಬಟ್ಟೆ. ಕಿಟಕಿ ಪಕ್ಕದ ಮೇಜು ಸಿಗಲಿಲ್ಲ. ಸಿಕ್ಕಿದ್ದು ಅಡುಗೆಮನೆಯ ತೂಗುಬಾಗಿಲ ಪಕ್ಕದ್ದು, ರಿಯಾಯಿತಿಯವರಿಗೆ ಸಿಗುವಂಥದ್ದು. ನೊರೆಯಮ್ಮ ಕೂತಳು, ಬೆನ್ನನ್ನು ಕುರ್ಚಿಗೆ ಒರಗಿಸಿದಳು. ಸೂಪು ಬಂತು. ಬಿಸಿಯಾಗಿತ್ತು. ಅರ್ಧ ಆಸೆ ತೀರಿತು ಅಂದುಕೊಂಡಳು.

ಆಮೇಲೆ ಏನೂ ಬರಲಿಲ್ಲ.

ಸೂಪಿನ ಬಟ್ಟಲುಗಳು ಒಳಗೆ ಹೋದವು. ಅಕ್ಕಪಕ್ಕದ ಮೇಜುಗಳಲ್ಲಿ ಜನ ಚಮಚ ಹಿಡಿದು ಖಾಲಿ ಮೇಜುಬಟ್ಟೆ ನೋಡುತ್ತಾ ಕೂತರು. ಒಂದು ಮಗು ಅಳತೊಡಗಿತು, ಅದರ ಅಪ್ಪ ಅದಕ್ಕಿಂತ ಜೋರಾಗಿ ಬಡಿಸುವವನನ್ನು ಗದರಿದ. ಬಾಗಿಲು ತೂಗಿದಾಗೆಲ್ಲ ಒಳಗಿನ ಹುರಿದ ಕೋಳಿಯ ಘಮ ಹೊರಗೆ ಬರುತ್ತಿತ್ತು. ಅಡುಗೆ ಆಗಿತ್ತು. ಅಡುಗೆ ಹಾಕಿಕೊಡಲು ತೊಳೆದ ತಟ್ಟೆ ಇರಲಿಲ್ಲ. ಬಾಗಿಲು ಇನ್ನೊಮ್ಮೆ ತೂಗಿದಾಗ ನೊರೆಯಮ್ಮನಿಗೆ ಒಳಗಿನದು ಕಂಡಿತು. ಎರಡೂ ತೊಟ್ಟಿಗಳ ನಡುವೆ ಬಿಸಿನೀರಕ್ಕ ಒಬ್ಬಳೇ, ಅತ್ತ ಎರಡು ಹೆಜ್ಜೆ ಇತ್ತ ಎರಡು ಹೆಜ್ಜೆ ಕುಂಟುತ್ತಾ, ಸೊಂಟದೆತ್ತರ ಎಂಜಲು ತಟ್ಟೆಗಳ ಎದುರು. ಕರೆಸುತ್ತೇನೆ ಎಂದಿದ್ದವರನ್ನು ಮ್ಯಾನೇಜರ್ ಕರೆಸಿರಲಿಲ್ಲ. ಒಬ್ಬರ ಕೂಲಿ ಅವನಿಗೆ ಉಳಿದಿತ್ತು.

ನೊರೆಯಮ್ಮ ಬಾಗಿಲಿಗೆ ಬೆನ್ನು ಮಾಡಿ ಕೂರಲು ಕುರ್ಚಿ ತಿರುಗಿಸಿಕೊಂಡಳು. ಆಗ ಕಣ್ಣಿಗೆ ಕಾಣಲಿಲ್ಲ, ಕಿವಿಗೆ ಕೇಳಿಸತೊಡಗಿತು.

"ಇಷ್ಟೊಂದು ದುಡ್ಡು ಕೊಟ್ಟು ಇದೇನು ಸರ್ವಿಸ್ಸು," ಎಂದ ಮೈದುನ. "ಫೋನಲ್ಲಿ ಬರೆದು ಹಾಕ್ತೀನಿ ನೋಡಿ. ಒಂದೇ ನಕ್ಷತ್ರ."

"ದುಡ್ಡು ನೀನು ಕೊಟ್ಟಿಲ್ಲ," ಎಂದಳು ಅತ್ತೆ. "ನಕ್ಷತ್ರ ಮಾತ್ರ ನಿಂದು."

ಅಷ್ಟರಲ್ಲಿ ಮ್ಯಾನೇಜರ್ ಮೇಜಿಂದ ಮೇಜಿಗೆ ಕ್ಷಮೆ ಕೇಳುತ್ತಾ ಬಂದವನು ಇವಳನ್ನು ಕಂಡ. ಮುಳುಗುವವನಿಗೆ ಹುಲ್ಲುಕಡ್ಡಿ ಕಂಡ ಹಾಗೆ ಮುಖ ಅರಳಿತು. ಬಗ್ಗಿ, ಉಳಿದವರಿಗೆ ಕೇಳಿಸಬಾರದೆಂದು, ಆದರೆ ಎಲ್ಲರಿಗೂ ಕೇಳಿಸುವಂತೆ ಪಿಸುಗುಟ್ಟಿದ.

"ನೊರೆಯಮ್ಮಾ, ದೇವರು ಬಂದ ಹಾಗೆ ಬಂದ್ರಿ. ಹೇಗಿದ್ರೂ ಬಂದಿದೀರಲ್ಲ, ಒಂದು ಸ್ವಲ್ಪ ಒಳಗೆ ಕೈ ಹಾಕಿ. ಹೀಗೆ ಹೋಗಿ ಹಾಗೆ ಬಂದ್ಬಿಡಬಹುದು."

ನೊರೆಯಮ್ಮ ಗಂಡನ ಕಡೆ ನೋಡಿದಳು. ಮಹಾರಾಣಿ ಅಂದವನು ಅವನು, ಏನಾದರೂ ಹೇಳಲಿ ಎಂದು.

ಅವನು ಹೇಳಿದ. "ಹೋಗಿ ಬಾರೇ. ಊಟ ಬೇಗ ಬರುತ್ತೆ."

ಅವನು ಕೆಟ್ಟವನಲ್ಲ, ಇದನ್ನು ಬರೆಯಲೇಬೇಕು. ಅವನಿಗೆ ಹಸಿವಾಗಿತ್ತು. ಹೆಂಡತಿಗೆ ವಿಶ್ರಾಂತಿ ಕೊಡಿಸಲು ಒಂದು ವಾರದ ಸಂಬಳ ತಂದಿದ್ದ, ಆ ವಿಶ್ರಾಂತಿ ಬೇಗ ಸಿಗಲಿ ಎಂದು ಅವಳನ್ನೇ ಪಾತ್ರೆ ತೊಳೆಯಲು ಕಳಿಸುತ್ತಿದ್ದ. ಇದರಲ್ಲಿ ಏನಾದರೂ ವಿಚಿತ್ರವಿದೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ಇಂಥವರು ಲೋಕದ ತುಂಬ ಇದ್ದಾರೆ, ಒಳ್ಳೆಯವರು, ಎರಡು ಹೊತ್ತು ಉಣ್ಣುವವರು.

ಎದ್ದು ಹೋದರೆ ಈ ಕುರ್ಚಿ ಮತ್ತೆ ಸಿಗುವುದಿಲ್ಲ, ಊಟ ತಣ್ಣಗಾಗುವವರೆಗೆ ಆ ತೊಟ್ಟಿ ಬಿಡುವುದಿಲ್ಲ, ಇದು ನೊರೆಯಮ್ಮನಿಗೆ ಗೊತ್ತು. ಕೂತೇ ಇದ್ದರೆ ಒಳಗೆ ಅಕ್ಕನ ಮಂಡಿ. ಇವಳ ರಜೆಯೆಂಬುದು ಅಕ್ಕನ ಕಾಲ ಮೇಲೆ ನಿಂತಿತ್ತು. ಅವಳು ಮೇಜುಬಟ್ಟೆಯ ಅಂಚನ್ನು ಬೆರಳಲ್ಲಿ ಮಡಚಿದಳು, ಬಿಡಿಸಿದಳು.

"ಸರ್, ನಿಮಗೆ ಕೈ ಬೇಕು ತಾನೇ?"

"ಹೌದಮ್ಮಾ, ಅಷ್ಟೇ."

"ನನ್ನದೇ ಆಗಬೇಕು ಅಂತೇನಿಲ್ವಲ್ಲ. ಇವರ ಹತ್ರ ಎರಡಿದೆ. ಮೈದುನನ ಹತ್ರಾನೂ ಎರಡಿದೆ. ಕರ್ಕೊಂಡು ಹೋಗಿ."

ಮ್ಯಾನೇಜರ್ ನಗಬೇಕೆಂದಿದ್ದ. ಪಕ್ಕದ ಮೇಜಿನವನು ಮತ್ತೆ ಗದರಿದ್ದರಿಂದ ಅದು ಅರ್ಧಕ್ಕೇ ನಿಂತಿತು. ಗಿರಾಕಿಯನ್ನು ತೊಟ್ಟಿಯ ಹತ್ತಿರ ನಿಲ್ಲಿಸಬಹುದೋ ಬಾರದೋ ಎಂದು ಅವನಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

"ಏನು ಮಾತು ಅಂತ ಆಡ್ತೀಯ?" ಎಂದ ಗಂಡ. "ನಾನು ದುಡ್ಡು ಕೊಟ್ಟು ಊಟಕ್ಕೆ ಬಂದವನು."

"ನಾನೂ ಹಾಗೇ ಬಂದಿರೋದು ಅಂದ್ಕೊಂಡಿದ್ದೆ."

"ಅತ್ತಿಗೆ, ನನಗೆ ಅಭ್ಯಾಸ ಇಲ್ಲ," ಎಂದ ಮೈದುನ.

"ಒಳಗೆ ಅಕ್ಕ ಇದಾಳೆ. ಕಲಿಸ್ತಾಳೆ."

ಗಂಡ ತಾಯಿಯ ಮುಖ ನೋಡಿದ. ಹುಟ್ಟಿದಾಗಿನಿಂದ ಕಷ್ಟಕ್ಕೆ ಸಿಕ್ಕಾಗ ಅವನು ನೋಡುತ್ತಿದ್ದ ಮುಖ ಅದು.

"ನನ್ನ ಮುಖ ಏನು ನೋಡ್ತೀಯೋ?" ಎಂದಳು ಅತ್ತೆ. "ನನ್ನ ಮುಖ ನಾನೇ ತೊಳ್ಕೊಂಡು ಬಂದಿದೀನಿ. ತಟ್ಟೆ ತೊಳಿ, ಹೋಗು. ನನಗೂ ಹಸಿವಾಗ್ತಿದೆ."

ಇಸ್ತ್ರಿ ಮಾಡಿದ ತೋಳುಗಳನ್ನು ಮಡಚಿಕೊಳ್ಳುತ್ತಾ ಅಣ್ಣತಮ್ಮಂದಿರು ತೂಗುಬಾಗಿಲಿನೊಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಿಸಿನೀರಕ್ಕನ ದನಿ ಹಾಲಿನವರೆಗೂ ಕೇಳಿಸಿತು: "ತಟ್ಟೆ ಹಿಂಭಾಗ ಉಜ್ಜೋದು ನಿಮ್ಮಪ್ಪನಾ?" ಅತ್ತೆ ತಲೆಯಾಡಿಸಿದಳು. "ಅವರಪ್ಪನೂ ಉಜ್ಜಿದವರಲ್ಲ," ಎಂದಳು.

ತಟ್ಟೆಗಳು ಹೊರಬಂದವು. ಅಂಚಿನಲ್ಲಿ ಇನ್ನೂ ನೀರಿತ್ತು, ಯಾರೂ ದೂರಲಿಲ್ಲ. ನೊರೆಯಮ್ಮನ ಮುಂದೆ ಹುರಿದ ಕೋಳಿ, ಆಲೂಗಡ್ಡೆ, ಮೇಲೆ ಹಬೆ. ಅತ್ತೆ, ಸೊಸೆ ಇಬ್ಬರೇ ಎದುರುಬದುರು ಕೂತು ಉಂಡರು. ನೊರೆಯಮ್ಮ ನಡುವೆ ಏಳಲಿಲ್ಲ.

"ಉಪ್ಪು ಒಂಚೂರು ಕಮ್ಮಿ," ಎಂದಳು ಅತ್ತೆ.

"ಬಿಸಿ ಇದೆಯಲ್ಲ ಅತ್ತೆ."

ಅತ್ತೆ ಒಂದು ತುತ್ತು ನುಂಗಿ, ಯಾವುದೋ ಲೆಕ್ಕ ಹಾಕಿದ ಹಾಗೆ ಸೊಸೆಯನ್ನು ನೋಡಿದಳು. "ಇಷ್ಟು ವರ್ಷ ನಾವು ನಿನ್ನ ತಟ್ಟೆ ಮುಚ್ಚಿಟ್ಟಿದ್ದೊಂದು ದೊಡ್ಡ ಉಪಕಾರ ಅಂದ್ಕೊಂಡಿದ್ವಿ," ಎಂದಳು. ಆಮೇಲೆ ತನ್ನ ಆಲೂಗಡ್ಡೆಯಲ್ಲಿ ದೊಡ್ಡದನ್ನು ಎತ್ತಿ ಸೊಸೆಯ ತಟ್ಟೆಗೆ ಹಾಕಿದಳು. ಆ ಮನೆಯಲ್ಲಿ ಕ್ಷಮೆ ಕೇಳುವುದು ಇದಕ್ಕಿಂತ ಮುಂದೆ ಹೋದದ್ದಿಲ್ಲ.

ಗಂಡ ಬರುವಾಗ ಅಂಗಿಯ ಎದೆ ಒದ್ದೆಯಾಗಿತ್ತು, ಬೆರಳುಗಳು ನೆನೆದು ಸುಕ್ಕುಗಟ್ಟಿದ್ದವು. ಕೂತು ಒಂದು ತುಂಡು ಬಾಯಿಗಿಟ್ಟ.

"ತಣ್ಣಗಾಗಿದೆ," ಎಂದ.

"ಹೌದು," ಎಂದಳು ನೊರೆಯಮ್ಮ. "ಆಗಿರುತ್ತೆ."

ಬಿಲ್ಲು ಬಂತು. ಕಾಲುಭಾಗ ರಿಯಾಯಿತಿ ಇತ್ತು, ನಾಲ್ಕು ಕೈಗಳ ಕೂಲಿ ಇರಲಿಲ್ಲ. ಮೈದುನ ಮ್ಯಾನೇಜರ್ ಜೊತೆ ಅದರ ಬಗ್ಗೆ ಮಾತಾಡಲು ಹೋಗಿ, ಹೋಟೆಲಿನ ಅಡುಗೆಯವನಿಗೊಂದು ವಿಮೆ ಮಾರಿ ಬಂದ. ನಕ್ಷತ್ರದ ಮಾತು ಮತ್ತೆ ಎತ್ತಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಗಂಡ ತುಂಬ ಹೊತ್ತು ತನ್ನ ಬೆರಳುಗಳನ್ನೇ ನೋಡಿಕೊಂಡ.

"ದುಡ್ಡು ದಂಡ," ಎಂದ ಕೊನೆಗೆ.

"ನನಗೇನೂ ಹಾಗನ್ನಿಸಲಿಲ್ಲ," ಎಂದಳು ನೊರೆಯಮ್ಮ. "ಒಂದು ವಾರದ ಸಂಬಳಕ್ಕೆ ಇದಕ್ಕಿಂತ ಜಾಸ್ತಿ ಯಾರೂ ಕೊಡಲ್ಲ."

ಎರಡು ಸ್ಟಾಪು ಕಳೆದವು. ಅವನು ಗಂಟಲು ಸರಿಮಾಡಿಕೊಂಡು, ಲಿಫ್ಟಿನ ಗುಂಡಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಒತ್ತಿ ನೋಡುವವನಂತೆ ಕೇಳಿದ, "ಬರೋ ವರ್ಷ ಎಲ್ಲಿ ಊಟ ಮಾಡೋಣ?"

ಅವಳು ಅವನನ್ನು ನೋಡಿದಳು. ಮದುವೆಯಾದ ಮೇಲೆ ಈ ಪ್ರಶ್ನೆ ಅವಳ ಹತ್ತಿರ ಬಂದದ್ದು ಇದೇ ಮೊದಲು. ಉತ್ತರ ಸಿದ್ಧವಿರಲಿಲ್ಲ, ಹುಡುಕಬೇಕಾಯಿತು.

"ಬರೋ ವರ್ಷ ರಜೆ ಅಕ್ಕಂದು. ನಾನು ತೊಟ್ಟಿ ಹತ್ರ ಇರ್ತೀನಿ. ಆವತ್ತು ನೀವು ಆ ಹೋಟೆಲ್ ಕಡೆ ತಲೆ ಹಾಕಬೇಡಿ."

"ಸರಿ. ಮತ್ತೆ ಊಟ?"

"ಮಾರನೇ ದಿನ ನನಗೆ ವಾರದ ರಜೆ. ಕ್ರಿಸ್‌ಮಸ್ ಒಂದು ದಿನ ತಡ ಆದ್ರೆ ಯಾರೂ ಸಾಯಲ್ಲ. ಮನೇಲೇ ಮಾಡೋಣ. ನೀವು ಬೇಯಿಸಿ, ನಾನು ಕೂತ್ಕೋತೀನಿ."

"ನನಗೆ ಬೇಯಿಸೋಕೆ ಬರಲ್ಲ."

"ಒಂದು ವರ್ಷ ಟೈಮಿದೆ," ಎಂದಳು ಹಿಂದಿನ ಸೀಟಿನಿಂದ ಅತ್ತೆ.

ಕ್ರಿಸ್‌ಮಸ್ಸಿಗೆ ಹೊರಗಿನ ಊಟ ಕೊಟ್ಟ ದುಡ್ಡಿಗೆ ಸರಿಯೋ ಎಂದು ಪ್ರತಿ ವರ್ಷ ಜನ ಚರ್ಚೆ ಮಾಡುತ್ತಾರೆ, ಕೋಳಿಯ ತೂಕ ನೋಡುತ್ತಾರೆ, ಕೇಕಿನ ತುಂಡು ಅಳೆಯುತ್ತಾರೆ. ಯಾರ ವಿಶ್ರಾಂತಿಗೆಂದು ಆ ದುಡ್ಡು ಕೊಡುತ್ತಿದ್ದಾರೋ ಅವರನ್ನು ಬಿಟ್ಟು ಉಳಿದೆಲ್ಲರ ಅಭಿಪ್ರಾಯವನ್ನೂ ಕೇಳುತ್ತಾರೆ. ನಿಮ್ಮ ಮನೆಯಲ್ಲೂ ಅಂಥವರು ಒಬ್ಬರು ಇದ್ದಾರೆ. ಇದನ್ನು ನೀವು ಓದುತ್ತಿರುವ ಈ ಹೊತ್ತಿನಲ್ಲಿ ಅವರು ಕೂತಿಲ್ಲ. ಮೇಜು ಕಾದಿರಿಸುವ ಮುಂಚೆ, ಫೋನ್ ಕೆಳಗಿಟ್ಟು, ಅವರ ಹತ್ತಿರ ಹೋಗಿ. ಎಲ್ಲಿ ಕೂತು ಉಣ್ಣಬೇಕೆಂದಿದ್ದೀಯ ಎಂದು ಕೇಳಿ. ಅವರಿಗೆ ಉತ್ತರ ಹುಡುಕಲು ಸಮಯ ಬೇಕಾಗುತ್ತದೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ಕಾಯಿರಿ.