ಕಬ್ಬಿನ ಗೇಟಿನಲ್ಲಿ ಕಲಿತ ಮಾತು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಾತಾಡುವುದನ್ನು ಕಲಿಸಲು ಬಂದವರಿಂದ ನಾನು ಕಲಿತದ್ದು ಅವರ ಕೆಮ್ಮನ್ನು ಮಾತ್ರ.

ಆಗ ಹೊಸಪೇಟೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ನಾನು ಗೇಟಿನ ಗುಮಾಸ್ತ. ಕಬ್ಬಿನ ಬಂಡಿಗಳನ್ನು ಸರದಿಯಂತೆ ಒಳಗೆ ಬಿಡುವುದು ಕೆಲಸ. ರೈತರಿಗೂ ನಮಗೂ ದಿನಾ ಜಗಳವಾಗುತ್ತಿದ್ದುದರಿಂದ ಮದರಾಸಿನಿಂದ ಒಬ್ಬ ಅಧಿಕಾರಿಯನ್ನು ಕರೆಸಿ, ಮೂರು ದಿನ ಊಟದ ಬಿಡುವಿನಲ್ಲಿ ನಮಗೆ ಮಾತಿನ ಪಾಠ ಹೇಳಿಸಿದರು. ಪಾಠ ಇಷ್ಟೇ: ಎದುರಿನವರು ಹೇಳುವುದನ್ನು ಪೂರ್ತಿ ಕೇಳಬೇಕು, ಅದನ್ನೇ ಒಮ್ಮೆ ತಿರುಗಿ ಹೇಳಿ ಸರಿಯೇ ಎಂದು ವಿಚಾರಿಸಬೇಕು, ಉತ್ತರ ಆಮೇಲೆ. ಮೂರನೆಯ ದಿನ ಅವರು ರೈಲು ಹತ್ತುವ ಮೊದಲೇ ಅವರ ಕೆಮ್ಮು, ಕನ್ನಡಕ ಒರೆಸುವ ಠೀವಿ ಎಲ್ಲ ನನ್ನ ವಶವಾಗಿದ್ದವು.

ಗೇಟಿನವರ ಮುಂದೆ ಅದನ್ನೆಲ್ಲ ಆಡಿ ತೋರಿಸಿದೆ. ಎಲ್ಲರೂ ನಕ್ಕರು. ನಕ್ಕು, ಬುತ್ತಿಗಂಟು ಎತ್ತಿಕೊಂಡು ಬೇವಿನ ನೆರಳಿಗೆ ಹೋದರು. ನಾನು ಹತ್ತಿರ ಹೋದರೆ ಅಲ್ಲಿ ಮಾತು ನಿಲ್ಲುತ್ತಿತ್ತು. ನಾಳೆ ತಮ್ಮ ದನಿಯೂ ಈ ಬಾಯಿಗೆ ಬಿದ್ದೀತೆಂಬ ಭಯ. ನನ್ನ ಬಾಡಿಗೆ ಕೋಣೆಯಲ್ಲಿ ಇಡೀ ಕಾರ್ಖಾನೆ ನನ್ನ ಗಂಟಲಿನಿಂದ ಹರಟುತ್ತಿತ್ತು. ಊಟವಾಯಿತೇ ಎಂದು ಕೇಳುವವರು ಮಾತ್ರ ಒಬ್ಬರೂ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಕಂಪ್ಲಿಯ ಮುದುಕನೊಬ್ಬ ಗೇಟಿಗೆ ಬಂದ. ಸರದಿ ತಪ್ಪಿ ಅವನ ಕಬ್ಬು ಎರಡು ದಿನದಿಂದ ಬಂಡಿಯಲ್ಲೇ ಒಣಗುತ್ತಿತ್ತು. ಅಂಥ ಬಂಡಿಯನ್ನು ಒಳಗೆ ಬಿಡಬೇಕಾದರೆ ಕಾರಣವನ್ನು ನಾನು ಚೀಟಿಯಲ್ಲಿ ಬರೆದುಕೊಡಬೇಕು. ಮುಂದಿನ ಹಲ್ಲಿಲ್ಲದ ಅವನ ಮಾತು ಸಿಳ್ಳೆಯಾಗಿ ಬರುತ್ತಿತ್ತು. ಅವನು ಮುಗಿಸುವ ಮುನ್ನವೇ ನಾನು ತಿರುಗಿ ಹೇಳತೊಡಗಿದೆ: ಅದೇ ಸಿಳ್ಳೆ, ಅದೇ ಬಾಗಿದ ಸೊಂಟ. ಕೊನೆಗೆ ಕೆಮ್ಮಿ, “ಹೌದಲ್ರಿ?” ಎಂದೂ ಕೇಳಿದೆ.

ಸಾಲಿನಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಮುದುಕ ಹೋಗಿ ತನ್ನ ಬಂಡಿಯ ನೊಗದ ಮೇಲೆ ಕುಳಿತ.

ಚೀಟಿ ಬರೆಯಲು ಕೂತಾಗ ಗೊತ್ತಾಯಿತು. ಅವನ ದನಿಯೆಲ್ಲ ನನ್ನ ಹತ್ತಿರವಿತ್ತು. ಅವನು ಹೇಳಿದ ಕಾರಣ ಮಾತ್ರ ಇರಲಿಲ್ಲ. ಕೇಳಿಸಿಕೊಂಡಿದ್ದರಲ್ಲವೇ ಇರುವುದು.

ಮಧ್ಯಾಹ್ನದ ಹೊತ್ತಿಗೆ ಬಂಡಿಯ ಮೇಲಿನ ಸೋಗೆ ಸುರುಳಿ ಸುತ್ತಿತ್ತು. ಬೇವಿನ ಕೆಳಗಿನವರೆಲ್ಲ ನೋಡುತ್ತಿದ್ದಂತೆ ಬಿಸಿಲಿನಲ್ಲಿ ಒಬ್ಬನೇ ನಡೆದು ಅವನೆದುರು ನಿಂತೆ. ಬಾಯಿ ತೆರೆದರೆ ಮೊದಲು ಬಂದದ್ದು ಮದರಾಸಿನ ಕೆಮ್ಮು. ಅದನ್ನು ನುಂಗಿಕೊಂಡೆ.

“ಅಜ್ಜಾ, ತಪ್ಪಾತ್ರಿ. ಸರದಿ ಯಾಕ ತಪ್ಪಿತು, ಇನ್ನೊಮ್ಮೆ ಹೇಳ್ರಿ. ಬರಕೊಂತೀನಿ. ಹಂಗ ನೋಡಿದ್ರ ನಮ್ಮ ಗೇಟಿನಾಗ—”

ಮುದುಕ ನೊಗದ ಮೇಲೆ ತುಸು ಸರಿದು ಜಾಗ ಮಾಡಿದ.

“ಹೇಳ್ತೀನಿ. ನೀ ಮೊದ್ಲು ಬಾಯಿ ಮುಚ್ಚಿಕೊಂಡು ಕುಂದ್ರಲೇ.”